ತೋಳಿನ ಮೇಲೆ ಮೂರು ಗೆರೆ

ಕೆಲವು ಸಿನಿಮಾ ಇಷ್ಟ ಅಂತ ಹೇಳ್ಕೊಳ್ಳೋಕೂ ಸ್ವಲ್ಪ ಧೈರ್ಯ ಬೇಕು. ಆಫೀಸಿನ ಊಟದ ಟೇಬಲ್‌ನಲ್ಲಿ ಒಬ್ಬರು ಇರಾನಿ ಸಿನಿಮಾ ಅಂತಾರೆ, ಇನ್ನೊಬ್ಬರು ಕೊರಿಯನ್ ಥ್ರಿಲ್ಲರ್ ಅಂತಾರೆ. ನನ್ನ ಸರದಿ ಬಂದಾಗ ನಾನು ‘ಜುಮಾಂಜಿ’ ಅಂತೀನಿ. 1995ರ ರಾಬಿನ್ ವಿಲಿಯಮ್ಸ್ ಅವರದ್ದಲ್ಲ, 2017ರ ‘ವೆಲ್‌ಕಮ್ ಟು ದ ಜಂಗಲ್’. ಟೇಬಲ್ ಒಂದು ಕ್ಷಣ ಸುಮ್ಮನಾಗುತ್ತೆ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ, “ನಂಗೂ ಇಷ್ಟ ಗುರು” ಅಂತಾರೆ. ಪ್ರಪಂಚದಾದ್ಯಂತ 95 ಕೋಟಿ ಡಾಲರ್‌ಗೂ ಹೆಚ್ಚು ದುಡ್ಡು ಬಾಚಿದ ಸಿನಿಮಾ ಇದು. ಮೆಲ್ಲಗೆ ಇಷ್ಟಪಟ್ಟವರ ಸಂಖ್ಯೆ ಕಮ್ಮಿ ಏನಿಲ್ಲ.

ಕಥೆ ಸರಳ. ನಾಲ್ಕು ಜನ ಹೈಸ್ಕೂಲ್ ಮಕ್ಕಳು ಶಿಕ್ಷೆಯಾಗಿ ಶಾಲೆಯ ನೆಲಮಾಳಿಗೆ ಕ್ಲೀನ್ ಮಾಡ್ತಿರುತ್ತಾರೆ. ಅಲ್ಲಿ ಒಂದು ಹಳೇ ವಿಡಿಯೋ ಗೇಮ್ ಸಿಗುತ್ತೆ. ಕ್ಯಾರೆಕ್ಟರ್ ಆರಿಸ್ಕೊಂಡ ತಕ್ಷಣ ಆಟ ಅವರನ್ನ ಒಳಗೆ ಎಳ್ಕೊಳ್ಳುತ್ತೆ. ಅಲರ್ಜಿ, ಅಂಜಿಕೆ ಎಲ್ಲಾ ಇರೋ ಸ್ಪೆನ್ಸರ್ ಡ್ವೇನ್ ಜಾನ್ಸನ್ ಆಗ್ತಾನೆ. ಆರಡಿ ಮೀರಿದ ಫುಟ್‌ಬಾಲ್ ಆಟಗಾರ ಫ್ರಿಜ್, ಕುಳ್ಳ ಕೆವಿನ್ ಹಾರ್ಟ್ ಆಗ್ತಾನೆ. ನಾಚಿಕೆ ಸ್ವಭಾವದ ಮಾರ್ಥಾ, ಹೊಡೆದಾಟದಲ್ಲಿ ನಿಪುಣೆಯಾದ ಕರೆನ್ ಗಿಲನ್ ಆಗ್ತಾಳೆ. ಫೋನ್ ಬಿಟ್ಟರೆ ಉಸಿರಾಡದ ಬೆಥನಿ ಬೊಜ್ಜಿನ ಪ್ರೊಫೆಸರ್ ಜ್ಯಾಕ್ ಬ್ಲ್ಯಾಕ್ ಆಗ್ತಾಳೆ. ಹೌದು, ಆಗ್ತಾಳೆ. ಮೀಸೆ ಮೂಡಿದ ಆ ಮುಖದೊಳಗೆ ಹದಿಹರೆಯದ ಹುಡುಗಿ ಕೂತಿದ್ದಾಳೆ ಅಂತ ಜ್ಯಾಕ್ ಬ್ಲ್ಯಾಕ್ ಎರಡು ಗಂಟೆ ನಮ್ಮನ್ನು ನಂಬಿಸ್ತಾನಲ್ಲ, ಅದಕ್ಕೊಂದು ದೊಡ್ಡ ನಮಸ್ಕಾರ. ಇನ್ನು ಜಾನ್ಸನ್, ತನ್ನದೇ ತೋಳಿನ ಮಾಂಸಖಂಡ ಮುಟ್ಟಿ ಮುಟ್ಟಿ ಬೆರಗಾಗೋದು ನೋಡಿದ್ರೆ, ಈ ಮನುಷ್ಯ ಎಷ್ಟು ಕಾಮಿಡಿ ಬಾಕಿ ಇಟ್ಟಿದ್ದ ಅನ್ಸುತ್ತೆ.

ನಮಗೇನು ಇದು ಹೊಸ ಕಲ್ಪನೆ ಅಲ್ಲ ಬಿಡಿ. ಪರಕಾಯ ಪ್ರವೇಶ ಅಂತ ಅಜ್ಜಿಯ ಕಥೆಗಳಲ್ಲೇ ಇತ್ತು. ಶಂಕರಾಚಾರ್ಯರು ಸತ್ತ ರಾಜನ ದೇಹ ಹೊಕ್ಕ ಕಥೆ ಯಾರು ಕೇಳಿಲ್ಲ? ಗೇಮ್‌ನವರು ಬಳಸೋ ‘ಅವತಾರ್’ ಅನ್ನೋ ಪದವೂ ನಮ್ಮ ಪುರಾಣದಿಂದ ಹೋದದ್ದೇ. ಆದರೆ ನಮ್ಮ ಕಥೆಗಳಲ್ಲಿ ದೇಹ ಬದಲಾಯಿಸೋರು ಮಹಾಜ್ಞಾನಿಗಳು. ಇಲ್ಲಿ ಮಾಡೋರು ಶಾಲೆಯಲ್ಲಿ ಶಿಕ್ಷೆಗೆ ಸಿಕ್ಕಿಬಿದ್ದೋರು.

ಈ ಸಿನಿಮಾದ ನಿಜವಾದ ಮಜಾ ಇರೋದು ಆಟದ ನಿಯಮಗಳನ್ನ ಗಂಭೀರವಾಗಿ ತಗೊಂಡಿರೋದರಲ್ಲಿ. ಎದೆ ಮುಟ್ಟಿಕೊಂಡರೆ ಗಾಳಿಯಲ್ಲಿ ಒಂದು ಪಟ್ಟಿ ಮೂಡುತ್ತೆ: ಸಾಮರ್ಥ್ಯಗಳು, ದೌರ್ಬಲ್ಯಗಳು. ಜಾನ್ಸನ್ ಪಾತ್ರಕ್ಕೆ ದೌರ್ಬಲ್ಯ ಅಂದ್ರೆ ಏನೂ ಇಲ್ಲ. ನಮ್ಮ ರೆಸ್ಯೂಮೆ ಥರಾನೇ. ಕೆವಿನ್ ಹಾರ್ಟ್‌ಗೆ ಮಾತ್ರ ವೇಗ ಇಲ್ಲ, ಶಕ್ತಿ ಇಲ್ಲ, ಮೇಲಿಂದ ಕೇಕ್ ಬೇರೆ ಆಗಲ್ಲ. ಸಂತೆಯಲ್ಲಿ ಗೊತ್ತಿಲ್ಲದೆ ಕೇಕ್ ತಿಂದು ಢಂ ಅಂತ ಸಿಡಿದು ಹೋಗ್ತಾನೆ. ಆಮೇಲೆ ಆಕಾಶದಿಂದ ಧೊಪ್ ಅಂತ ಬೀಳ್ತಾನೆ, ಯಾಕಂದ್ರೆ ತೋಳಿನ ಮೇಲೆ ಮೂರು ಗೆರೆ ಇದೆ. ಮೂರು ಜೀವ. ಸತ್ತಾಗೆಲ್ಲ ಒಂದೊಂದು ಗೆರೆ ಅಳಿಸುತ್ತೆ. ಮೂರೂ ಮುಗಿದರೆ ಕಥೆ ಮುಗೀತು.

ಈ ಮೂರು ಜೀವದ ಲೆಕ್ಕ ಎಲ್ಲಿಂದ ಬಂತು ಅಂತ ನಮ್ಮಂಥೋರಿಗೆ ಕುತೂಹಲ ಇದ್ದೇ ಇರುತ್ತೆ. ಮೊದಲು ಇದ್ದದ್ದು ಕಾಸು ಹಾಕಿ ಆಡೋ ಆರ್ಕೇಡ್ ಮೆಷಿನ್‌ಗಳು. ಒಂದು ಕಾಸಿಗೆ ಎರಡೋ ಮೂರೋ ಜೀವ. ಬೇಗ ಸತ್ತರೆ ಇನ್ನೊಂದು ಕಾಸು. ಅಂದ್ರೆ ಇದು ತತ್ತ್ವಜ್ಞಾನ ಅಲ್ಲ, ವ್ಯಾಪಾರ. ಆಟ ಮನೆಯ ಟಿವಿಗೆ ಬಂದಮೇಲೆ ಕಾಸು ಹೋಯ್ತು, ಜೀವದ ಲೆಕ್ಕ ಉಳೀತು. ತೊಂಬತ್ತರ ದಶಕದಲ್ಲಿ ಹಳ್ಳಿಯಲ್ಲಿ ಬೆಳೆದ ನಮಗೂ ಅದು ಬಂದು ಮುಟ್ಟಿತು, ‘9999 ಇನ್ 1’ ಅಂತ ಬರೆದ ಹಳದಿ ಕ್ಯಾಸೆಟ್ ರೂಪದಲ್ಲಿ. ನಮ್ಮ ಬೀದಿಯಲ್ಲಿ ಟಿವಿ ಗೇಮ್ ಇದ್ದದ್ದು ಒಂದೇ ಮನೆಯಲ್ಲಿ. 9999 ಅಂದ್ರೂ ಒಳಗೆ ಇದ್ದದ್ದು ಹತ್ತು ಹದಿನೈದೇ, ಮಿಕ್ಕಿದ್ದೆಲ್ಲ ಹೆಸರು ಬದಲಾಯಿಸಿದ ಅವೇ ಆಟಗಳು. ನಾವು ಆಡ್ತಿದ್ದದ್ದು ಕಾಂಟ್ರಾ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು ಜೀವ ಬರುತ್ತೆ ಅಂತ ಇವತ್ತು ಓದೋರಿಗೆಲ್ಲ ಗೊತ್ತು. ಅದರ ಹಿನ್ನೆಲೆ ಗೊತ್ತಾದದ್ದು ಕೆಲಸಕ್ಕೆ ಸೇರಿದಮೇಲೆ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಅನ್ನೋ ಆಟ ಟೆಸ್ಟ್ ಮಾಡುವಾಗ, ಆಟ ತನಗೇ ಕಷ್ಟ ಆಗುತ್ತೆ ಅಂತ ಈ ಕೋಡ್ ಹಾಕ್ಕೊಂಡಿದ್ದ. ಅದು ತೆಗೆಯದೆ ಹಾಗೇ ರಿಲೀಸ್ ಆಯ್ತು, ಆಮೇಲೆ ಕಾಂಟ್ರಾಗೂ ಬಂತು. ಟೆಸ್ಟ್ ಕೋಡ್ ಪ್ರೊಡಕ್ಷನ್‌ಗೆ ಹೋಗಿ ಇಡೀ ಜಗತ್ತಿನ ಮಕ್ಕಳಿಗೆ ಸಂತೋಷ ಕೊಟ್ಟ ಉದಾಹರಣೆ ನನಗೆ ಗೊತ್ತಿರೋದು ಇದೊಂದೇ.

ಸಿನಿಮಾದಲ್ಲಿ ನನ್ನ ಮೆಚ್ಚಿನ ಪಾತ್ರ ನೈಜೆಲ್. ಜೀಪಲ್ಲಿ ಬಂದು ಹೀರೋಗಳನ್ನ ಕರ್ಕೊಂಡು ಹೋಗೋ ಗೈಡ್. ಇವನು ಆಟಗಾರ ಅಲ್ಲ, ಆಟದವರೇ ಇಟ್ಟಿರೋ ಪಾತ್ರ, ಎನ್‌ಪಿಸಿ. ಏನು ಕೇಳಿದ್ರೂ ಬರೆದುಕೊಟ್ಟಷ್ಟೇ ಮಾತು. ಪ್ರಶ್ನೆ ಬದಲಾಯಿಸಿ ಕೇಳಿ, ಕೂಗಾಡಿ, ಮತ್ತೆ ಅದೇ ನಗು, ಅದೇ ಉತ್ತರ. ಥಿಯೇಟರಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಊರು ನೆನಪಾಗಿ. ಬಸ್‌ಸ್ಟ್ಯಾಂಡಲ್ಲಿ ಇಳಿದರೆ ಅಂಗಡಿ ಬಾಗಿಲಿಂದ ಮನೆ ಬಾಗಿಲವರೆಗೆ ಎರಡೇ ಡೈಲಾಗ್: “ಯಾವಾಗ ಬಂದೆ?” “ಯಾವಾಗ ಹೋಗ್ತೀಯಾ?” ಅಪ್ಪನ ಫೋನೂ ಹಾಗೇ. ರಾತ್ರಿ ಎಂಟೂವರೆಗೆ ಬರುತ್ತೆ. ಊಟ ಆಯ್ತಾ, ಅಲ್ಲಿ ಮಳೆನಾ, ಸರಿ ಇಡ್ಲಾ. ನಲವತ್ತು ಸೆಕೆಂಡ್.

ಇದರಲ್ಲಿ ಮಾಹಿತಿ ಏನಿದೆ ಅಂತ ಕೇಳಬಹುದು. ನಮ್ಮ ಸರ್ವರ್‌ಗಳ ಲೋಕದಲ್ಲಿ ಇದಕ್ಕೊಂದು ಹೆಸರಿದೆ, ಹಾರ್ಟ್‌ಬೀಟ್. ಒಂದು ಮೆಷಿನ್ ಇನ್ನೊಂದಕ್ಕೆ ಕೆಲವು ಸೆಕೆಂಡಿಗೊಮ್ಮೆ ಅದೇ ಪುಟ್ಟ ಸಂದೇಶ ಕಳಿಸ್ತಾ ಇರುತ್ತೆ. ಅದರೊಳಗೆ ಹೇಳ್ಕೊಳ್ಳೋಂಥದ್ದು ಏನೂ ಇರಲ್ಲ. ‘ಇದ್ದೀನಿ’ ಅನ್ನೋದಷ್ಟೇ ವಿಷಯ. ತಪ್ಪಿದ ದಿನ ಗೊತ್ತಾಗುತ್ತೆ ಅದರ ಬೆಲೆ. ಹೋದ ವರ್ಷ ಒಂದು ರಾತ್ರಿ ಅಪ್ಪ ಸ್ಕ್ರಿಪ್ಟ್ ಬಿಟ್ಟು ಒಂದು ಮಾತು ಜಾಸ್ತಿ ಆಡಿದರು. “ಬೆಳಿಗ್ಗೆ ತೋಟದಲ್ಲಿ ಸ್ವಲ್ಪ ತಲೆ ಸುತ್ತಿತ್ತು, ಏನಿಲ್ಲ ಬಿಡು.” ಆ ‘ಏನಿಲ್ಲ ಬಿಡು’ ಕೇಳಿ ನಾನು ಹತ್ತೂವರೆ ಬಸ್ ಹತ್ತಿದೆ. ಬಿಪಿ ಜಾಸ್ತಿಯಾಗಿತ್ತು, ಮಾತ್ರೆ ಶುರುವಾಯ್ತು, ಈಗ ಪರವಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಅಮ್ಮ ಮೊದಲು ಕೇಳಿದ್ದು, “ಯಾವಾಗ ಹೋಗ್ತೀಯಾ?”

ಅದಾದಮೇಲೆ ಸಿನಿಮಾವನ್ನ ಇನ್ನೊಂದು ಸಲ ನೋಡಿದಾಗ ಅಲೆಕ್ಸ್ ಬೇರೆ ಥರ ಕಂಡ. ಇವನು 1996ರಲ್ಲಿ ಈ ಆಟದೊಳಗೆ ಹೋದ ಹುಡುಗ. ಬೋರ್ಡ್ ಗೇಮ್ ಈಗ ಯಾರು ಆಡ್ತಾರೆ ಅಂತ ಮೂಗು ಮುರಿದಿದ್ದಕ್ಕೆ, ಆಟವೇ ರಾತ್ರೋರಾತ್ರಿ ವಿಡಿಯೋ ಗೇಮ್ ಆಗಿ ಅಪ್‌ಗ್ರೇಡ್ ಆಗಿ ಅವನನ್ನ ನುಂಗಿತ್ತು. ಮಕ್ಕಳಿಗೆ ಸಿಕ್ಕಾಗ ಅವನ ಲೆಕ್ಕದಲ್ಲಿ ಕಳೆದಿರೋದು ಕೆಲವು ತಿಂಗಳು. ಹೊರಗೆ ಕಳೆದಿರೋದು ಇಪ್ಪತ್ತು ವರ್ಷ. ಮಾತಾಡ್ತಾ ಮಾತಾಡ್ತಾ ಅದು ಅವನಿಗೆ ಗೊತ್ತಾಗುತ್ತೆ. ಹಾಸ್ಯ ಸಿನಿಮಾದ ನಡುವೆ ಇಂಥದ್ದೊಂದು ಜಾಗ ಇಟ್ಟಿದ್ದಾರೆ. ಸಿನಿಮಾ ಶುರುವಿನಲ್ಲಿ ಪಾಳುಬಿದ್ದಂಥ ಮನೆ ಮುಂದೆ ಒಬ್ಬ ಮುದುಕ ಬಂದು ಹೋಗ್ತಾನಲ್ಲ, ಅವನೇ ಅಲೆಕ್ಸನ ಅಪ್ಪ. ಇಪ್ಪತ್ತು ವರ್ಷದಿಂದ ಕಾಯ್ತಿರೋನು.

ನಮ್ಮ ಬೀದಿಯಿಂದ ಹೊರಟವರನ್ನ ಎಣಿಸಿದ್ರೆ ಪುಣೆಯಲ್ಲಿ ಒಬ್ಬ, ನ್ಯೂಜೆರ್ಸಿಯಲ್ಲಿ ಇಬ್ಬರು, ಮಿಕ್ಕವರೆಲ್ಲ ಬೆಂಗಳೂರು. ಎಲ್ಲರೂ ‘ಎರಡು ವರ್ಷ ನೋಡೋಣ’ ಅಂತ ಹೊರಟವರೇ. ಯಾರನ್ನ ಕೇಳಿದ್ರೂ ಮೊನ್ನೆ ಮೊನ್ನೆ ಬಂದಂಗಿದೆ ಅಂತಾರೆ. ಆಟದೊಳಗಿನ ಗಡಿಯಾರವೇ ಹಾಗೆ. ಸ್ಪ್ರಿಂಟು, ರಿಲೀಸು, ಅಪ್ರೈಸಲ್ಲು, ಇಎಂಐ, ಒಂದು ಲೆವೆಲ್ ಆದಮೇಲೆ ಇನ್ನೊಂದು. ಊರಲ್ಲಿ ಮಾತ್ರ ತೆಂಗಿನ ಮರ ಎರಡಾಳೆತ್ತರ ಬೆಳೆದಿರುತ್ತೆ.

ಅಲೆಕ್ಸನನ್ನು ಸೊಳ್ಳೆ ಕಚ್ಚಿ ಕೊನೇ ಜೀವ ಹೋಗ್ತಿರುವಾಗ, ಬೆಥನಿ ಅವನ ಬಾಯಿಗೆ ಉಸಿರು ತುಂಬ್ತಾಳೆ. ಅವಳ ತೋಳಿನ ಒಂದು ಗೆರೆ ಅಳಿಸಿ ಅವನಿಗೆ ಹೋಗುತ್ತೆ. ಸೆಲ್ಫಿ ಬಿಟ್ಟು ಬೇರೇನೂ ಗೊತ್ತಿಲ್ಲದ ಹುಡುಗಿ ತನ್ನ ಜೀವದಲ್ಲೇ ಒಂದನ್ನ ಕೊಟ್ಟುಬಿಡ್ತಾಳೆ. ಆಮೇಲೆ ಸ್ಪೆನ್ಸರ್‌ಗೆ ಒಂದೇ ಗೆರೆ ಉಳಿದು ಹೆದರಿ ಕೂತಾಗ ಫ್ರಿಜ್ ಅವನಿಗೆ ಹೇಳೋದರ ಸಾರಾಂಶ ಇಷ್ಟು: ಹೊರಗಡೆ ನಮಗೆ ಯಾವತ್ತೂ ಇದ್ದದ್ದು ಒಂದೇ ಅಲ್ವೇನೋ. ಅಜ್ಜಿ ಹೇಳಿದ್ರೆ ಉಪದೇಶ ಅಂತ ಎದ್ದು ಹೋಗ್ತಿದ್ದ ಮಾತನ್ನ ಕೆವಿನ್ ಹಾರ್ಟ್ ಹೇಳಿದ್ರೆ ಕೂತು ಕೇಳ್ತೀವಿ.

ಕೊನೆಗೆ ಸಿನಿಮಾ ಅಲೆಕ್ಸನನ್ನ ನೇರ 1996ಕ್ಕೇ ವಾಪಸ್ ಕಳಿಸುತ್ತೆ. ಕಳೆದ ಇಪ್ಪತ್ತು ವರ್ಷ ಪೂರ್ತಿ ಸಿಗುತ್ತೆ. ಪಾಳುಮನೆಗೆ ದೀಪ ಬರುತ್ತೆ. ಅವನು ಮಗಳಿಗೆ ಬೆಥನಿ ಅಂತ ಹೆಸರಿಟ್ಟಿರ್ತಾನೆ. ಅಪ್ಪಟ ಹಾಲಿವುಡ್ ಸುಳ್ಳು. ಎರಡು ಸಲ ನೋಡಿದ್ರೂ ಎರಡು ಸಲವೂ ನನ್ನ ಗಂಟಲು ಕಟ್ಟಿದೆ, ಏನ್ ಮಾಡೋದು.

ಈ ವೀಕೆಂಡ್ ಬಿಡುವಿದ್ರೆ ನೋಡಿ. ಮಕ್ಕಳಿದ್ರೆ ಜೊತೆಗೆ ಕೂರಿಸ್ಕೊಳ್ಳಿ, ಕೇಕ್ ಸೀನಿಗೆ ಬಿದ್ದು ಬಿದ್ದು ನಗ್ತಾರೆ. ಎಂಟೂವರೆಗೆ ಊರಿಂದ ಫೋನ್ ಬಂದ್ರೆ ಪಾಜ್ ಒತ್ತಿ ಮಾತಾಡಿ. ಸಿನಿಮಾಗೆ ಆ ಬಟನ್ ಇದೆ.