ವಾರದ ಮನೆಯೂ ಸನ್ಮಾನದ ವೇದಿಕೆಯೂ

ಮೊದಲ ಮಳೆ ಬಿದ್ದು ಶಾಲೆಗಳ ಬಾಗಿಲು ತೆರೆಯುವ ದಿನಗಳಲ್ಲಿ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಬಗೆಯ ಹಬ್ಬದ ಕಾಲ ಆರಂಭವಾಗುತ್ತದೆ. ಪಂಚಾಂಗದಲ್ಲಿ ಇದಕ್ಕೆ ಹೆಸರಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದಿರುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಶೇಷಾದ್ರಿಪುರ, ಎಲ್ಲಿ ನೋಡಿದರೂ ಯಾವುದಾದರೊಂದು ಸಂಘದವರು ಶಾಲೆಯ ಸಭಾಂಗಣವನ್ನೋ ದೇವಸ್ಥಾನದ ಮಂಟಪವನ್ನೋ ಕೇಳಿ ಪಡೆದು, ಒಂದು ಭಾನುವಾರ ಬೆಳಿಗ್ಗೆ ‘ಪ್ರತಿಭಾ ಪುರಸ್ಕಾರ’ವನ್ನು ಏರ್ಪಡಿಸುವರು. ಪ್ರಾರ್ಥನೆ, ಸ್ವಾಗತ, ತಡವಾಗಿ ಬರುವ ಮುಖ್ಯ ಅತಿಥಿಗಳು, ಶಾಲು, ಹಾರ, ಒಂದು ರೂಪಾಯಿಯ ನಾಣ್ಯ ಅಂಟಿಸಿದ ಲಕೋಟೆ, ಕೊನೆಗೆ ಉಪ್ಪಿಟ್ಟು ಕೇಸರಿಭಾತು. ೬೨೫ಕ್ಕೆ ೬೨೦ ಅಂಕ ಬಂದ ಹುಡುಗಿಯ ಹೆಸರನ್ನು ಕೂಗಿದಾಗ ಸಭೆ ಕರತಾಡನ ಮಾಡುತ್ತದೆ. ಹುಡುಗಿ ತಲೆ ತಗ್ಗಿಸಿ ಹಾರ ಹಾಕಿಸಿಕೊಂಡು, ಮರುಕ್ಷಣವೇ ಅದನ್ನು ತೆಗೆದು ಕೈಯಲ್ಲಿ ಹಿಡಿಯುತ್ತಾಳೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಹಾರವೆಂಬುದು ಭಾರವಾದ ವಸ್ತು.

ಇದನ್ನು ಕಂಡು ನಗುವವರುಂಟು. ನಗುವುದು ನ್ಯಾಯವಲ್ಲ. ಈ ಸಂಘಗಳನ್ನು ನಡೆಸುವವರು ಇದರಿಂದ ಒಂದು ಕಾಸನ್ನೂ ಗಳಿಸುವವರಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪ್ರಮಾಣಪತ್ರಗಳ ಮೇಲೆ ಮುದ್ದಾದ ಅಕ್ಷರದಲ್ಲಿ ಹೆಸರು ಬರೆಯುವರು, ಅಂಗಡಿಯವರೊಬ್ಬರು ನೋಟುಪುಸ್ತಕಗಳನ್ನು ಕೊಡುವರು, ಇನ್ನಿಬ್ಬರು ರಸೀತಿ ಪುಸ್ತಕ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿ, “ಈ ವರ್ಷವೂ ಬಂದಿರಾ?” ಎಂಬ ಪ್ರಶ್ನೆಗೆ ನಗುತ್ತ ಉತ್ತರ ಹೇಳಿ, ನೂರು ಇನ್ನೂರು ಕೂಡಿಸುವರು. ಪರರ ಮಕ್ಕಳ ಏಳಿಗೆಗಾಗಿ ಬಿಸಿಲಿನಲ್ಲಿ ತಿರುಗುವವರು ಯಾವ ಕಾಲದಲ್ಲಿಯೂ ಹೆಚ್ಚು ಮಂದಿ ಇರಲಾರರು.

ಆದರೂ ಆ ಸಭಾಂಗಣದ ಹಿಂದಿನ ಸಾಲಿನ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು. ಹಿಂದಿನ ರಾತ್ರಿ ಇನ್ನೂರು ಕುರ್ಚಿಗಳನ್ನು ಸಾಲಾಗಿ ಜೋಡಿಸಿದ ಹುಡುಗ ಅಲ್ಲಿ ಬಾಗಿಲಿಗೆ ಒರಗಿ ನಿಂತಿರುತ್ತಾನೆ. ಧ್ವನಿವರ್ಧಕ ಕೀರಲು ಸ್ವರ ಹೊರಡಿಸಿದಾಗ ಓಡಿಹೋಗಿ ಸರಿಪಡಿಸುವವನು ಅವನೇ. ಅವನಿಗೆ ಗಣಿತದಲ್ಲಿ ಹೋಗಿದೆ. ವೇದಿಕೆಯ ಮೇಲೆ ಓದುವ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ವಂದನಾರ್ಪಣೆಯಲ್ಲಿ “ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ನೆರವಾದ ಸರ್ವರಿಗೂ” ಎಂಬ ಮಾತು ಬರುತ್ತದಲ್ಲ, ಆ ಸರ್ವರಲ್ಲಿ ಅವನೂ ಒಬ್ಬ.

‘ಗುರುತಿಸುವುದು’ ಎಂಬ ಮಾತನ್ನು ಇಂದು ಯೋಗ್ಯತೆಯನ್ನು ಮೆಚ್ಚಿ ಮನ್ನಿಸುವುದು ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ಗುರುತು ಎಂಬುದಕ್ಕೆ ಅದಕ್ಕಿಂತ ಹಳೆಯ, ಅದಕ್ಕಿಂತ ಮನೆವಾರ್ತೆಯ ಅರ್ಥವೊಂದಿದೆ: ಇವನು ಯಾರು, ಯಾರ ಮಗ, ಊಟವಾಯಿತೆ ಇಲ್ಲವೆ ಎಂದು ತಿಳಿದಿರುವುದು. ಬೆಂಗಳೂರಿನ ಬಡಾವಣೆಗಳು ಒಂದು ಕಾಲದಲ್ಲಿ ತಮ್ಮ ಹದಿಹರೆಯದ ಮಕ್ಕಳನ್ನು ಗುರುತಿಸುತ್ತಿದ್ದುದು ಈ ಎರಡನೆಯ ಅರ್ಥದಲ್ಲಿ.

ವಾರಾನ್ನದ ಪದ್ಧತಿಯನ್ನು ಹಿರಿಯರ ಬಾಯಿಂದ ಕೇಳದ ಮನೆ ಕಡಮೆ. ಹಳ್ಳಿಯಲ್ಲಿ ಹೈಸ್ಕೂಲಿಲ್ಲದ ಬಡ ಹುಡುಗ ಪಟ್ಟಣಕ್ಕೆ ಬಂದು, ಯಾರದೋ ಜಗುಲಿಯಲ್ಲಿ ಹಾಸಿಗೆಯ ಸುರುಳಿ ಇಟ್ಟು, ಏಳು ಮನೆಗಳನ್ನು ಹುಡುಕಿಕೊಳ್ಳಬೇಕಾಗಿತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ಅಮಲ್ದಾರರ ಅತ್ತಿಗೆಯವರ ಮನೆ. ಹೀಗೆ ಏಳು ದಿನಕ್ಕೆ ಏಳು ಎಲೆ. ಆರೇ ಮನೆ ಸಿಕ್ಕಿದವನಿಗೆ ವಾರದಲ್ಲೊಂದು ದಿನ ಉಪವಾಸ. ತನ್ನ ವಾರದ ದಿನವೇ ಏಕಾದಶಿ ಬಂದರೆ ಅಂದು ಊಟವಿಲ್ಲ. ಆ ಮನೆಗೆ ಸೂತಕ ಬಂದರೆ ಹತ್ತು ದಿನ ಆ ಬಾಗಿಲು ಮುಚ್ಚಿದಂತೆಯೇ. ಶ್ರಾದ್ಧವಾದರೆ ಊಟ ಮಧ್ಯಾಹ್ನ ಮೂರು ಗಂಟೆಗೆ, ಅಷ್ಟರಲ್ಲಿ ಶಾಲೆಯ ಹಾಜರಿ ತಪ್ಪಿರುತ್ತಿತ್ತು. ಹುಡುಗ ಬಿಟ್ಟಿ ಉಣ್ಣುವವನೂ ಅಲ್ಲ. ಆ ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಅಂಗಡಿಯಿಂದ ತರಕಾರಿ ತರುವುದು, ಅಂಚೆಗೆ ಕಾಗದ ಹಾಕುವುದು ಅವನ ಪಾಲಿನ ಕೆಲಸ. ಬುದ್ಧಿವಂತ ಹುಡುಗರು ಬೆಂಗಳೂರಿನಲ್ಲಿ ಹೀಗೆ ದುಡಿದೇ ಓದಿದ್ದು ಹಳೆಯ ಮಾತು. ೧೮೮೧ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನ ದಿನಗಳಲ್ಲಿ ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ವೆಚ್ಚ ನಡೆಸಿಕೊಂಡವರು.

ಈ ಪದ್ಧತಿಯಲ್ಲಿ ಗಮನಿಸತಕ್ಕ ಅಂಶವೆಂದರೆ, ಅನ್ನ ಬಡಿಸುವ ಗೃಹಿಣಿಗೆ ಆ ಹುಡುಗ ಬುಧವಾರದ ಹುಡುಗನಾಗಿದ್ದನೆಂಬುದು. ಅವನು ಒಂದು ಬುಧವಾರ ಬಾರದಿದ್ದರೆ ಒಂದು ಎಲೆ ಉಳಿಯುತ್ತಿತ್ತು. “ಏನಪ್ಪ, ಹೋದ ವಾರ ಕಾಣಲಿಲ್ಲ? ಜ್ವರವೆ?” ಎಂದು ಕೇಳುವವರೊಬ್ಬರು ಇದ್ದರು. “ಲೆಕ್ಕದಲ್ಲಿ ಎಷ್ಟು ಬಂತೋ?” ಎಂಬ ಪ್ರಶ್ನೆ ಹುಳಿಯ ಸೌಟಿನೊಡನೆಯೇ ಬರುತ್ತಿತ್ತು. ಹುಡುಗನ ಪರೀಕ್ಷೆ ಹಾಳಾದರೆ ಆ ಸುದ್ದಿ ಏಳು ಅಡಿಗೆಮನೆಗಳಿಗೆ ಗೊತ್ತಾಗುತ್ತಿತ್ತು. ಅವನು ಅಡಗಿಕೊಳ್ಳುವುದಕ್ಕೆ ಸ್ಥಳವಿರಲಿಲ್ಲ.

ಹೀಗೆಂದು ಆ ಕಾಲವನ್ನು ಸತ್ಯಯುಗವೆಂದು ಹೊಗಳುವುದು ಮೂಢತನವಾದೀತು. ಏಳು ಮನೆಗಳಲ್ಲಿ ಒಂದೆರಡು ಮನೆಗಳ ಅನ್ನ ಅವಮಾನದೊಡನೆ ಬರುತ್ತಿತ್ತು. ಎಲ್ಲರೂ ಉಂಡಾದ ಮೇಲೆ, ತಣ್ಣಗಾದ ಸಾರಿನೊಡನೆ, ಹಜಾರದ ಮೂಲೆಯಲ್ಲಿ ಕುಳಿತು ಉಂಡ ಹುಡುಗರು ಮುಂದೆ ದೊಡ್ಡ ಅಧಿಕಾರಕ್ಕೆ ಬಂದ ಮೇಲೂ ಆ ಮನೆಯ ಮುಂದೆ ಹಾಯುವಾಗ ನಡಿಗೆ ಚುರುಕು ಮಾಡುತ್ತಿದ್ದರಂತೆ. ಅದಕ್ಕಿಂತ ದೊಡ್ಡ ದೋಷ, ಆ ಬಾಗಿಲುಗಳು ತೆರೆಯುತ್ತಿದ್ದುದು ಬಹುಮಟ್ಟಿಗೆ ಒಂದೇ ಜಾತಿಯ ಹುಡುಗರಿಗೆ. ಉಳಿದವರ ಮಕ್ಕಳಿಗೆ ಎಲೆಯ ಮಾತು ಹಾಗಿರಲಿ, ಜಗುಲಿಯೂ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಆ ಏಳು ದಿನಗಳಲ್ಲಿ ಒಂದು ದಿನವೂ ಇರಲಿಲ್ಲ.

ಈ ಕೊರತೆಯನ್ನು ಕಂಡವರು ಸುಮ್ಮನೆ ಕೂರಲಿಲ್ಲ. ೧೯೧೦ರಲ್ಲಿ ತೀರಿಕೊಂಡ ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ್ದನ್ನು ರೈಲು ನಿಲ್ದಾಣದ ಬಳಿಯ ಧರ್ಮಛತ್ರಕ್ಕೂ ವಿದ್ಯಾರ್ಥಿಗಳ ವಸತಿಗೂ ಬಿಟ್ಟುಹೋದರು. ಗೋಪಾಲಸ್ವಾಮಿ ಅಯ್ಯರ್ ಅವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕೇರಿಗಳ ಮಕ್ಕಳ ವಿದ್ಯೆಗಾಗಿ ಸ್ವಜನರ ಮುನಿಸನ್ನು ಲೆಕ್ಕಿಸದೆ ದುಡಿದರು. ಅವರ ಹೆಸರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಹುಡುಗನೊಬ್ಬ ಶೇಷಾದ್ರಿಪುರಕ್ಕೆ ನೆರೆಯಾದ ಶ್ರೀರಾಮಪುರದಲ್ಲಿ ಬೆಳೆದವನು. ಸ್ಮಶಾನದ ನಿಶ್ಶಬ್ದವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಓದಿಕೊಂಡವನು. ಆ ಹುಡುಗ ಕವಿ ಸಿದ್ಧಲಿಂಗಯ್ಯ (೧೯೫೪–೨೦೨೧). ಅವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರಿಗೆ ಆ ವಿದ್ಯಾರ್ಥಿನಿಲಯದ ಹಸಿವೂ ನಗುವೂ ನೆನಪಿನಲ್ಲಿರಬಹುದು.

ಶೇಷಾದ್ರಿಪುರದ ಪಾಲಿಗೆ ಮುಖ್ಯವಾದ ವರ್ಷ ೧೯೩೦. ೧೮೮೩ರಿಂದ ೧೯೦೧ರ ವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಆನಂದಮ್ಮ, ಸೀತಮ್ಮ ಎಂಬ ಇಬ್ಬರು ಮಹಿಳೆಯರು ಸುಮಾರು ಇಪ್ಪತ್ತು ಮಕ್ಕಳನ್ನು ಕೂಡಿಸಿಕೊಂಡು ಒಂದು ಪ್ರಾಥಮಿಕ ಶಾಲೆಯನ್ನು ಆರಂಭಿಸಿದರು. ದಿವಾನರ ಹೆಸರಿನ ಬಡಾವಣೆಯಲ್ಲಿ ಶಾಲೆ ಹುಟ್ಟಿದ್ದು ದಿವಾನರ ಆಜ್ಞೆಯಿಂದಲ್ಲ, ಇಬ್ಬರು ಗೃಹಿಣಿಯರ ಮನಸ್ಸಿನಿಂದ ಎಂಬುದು ಸ್ವಾರಸ್ಯವಾದ ಸಂಗತಿ. ಆ ಇಪ್ಪತ್ತು ಮಕ್ಕಳ ಶಾಲೆ ಬೆಳೆದು ಪದವಿ ಕಾಲೇಜುಗಳವರೆಗೆ ಹಬ್ಬಿರುವ ದೊಡ್ಡ ವಿದ್ಯಾಸಂಸ್ಥೆಯಾಗಿದೆ. ಇಪ್ಪತ್ತು ಮಕ್ಕಳಿದ್ದಾಗ ಪ್ರತಿಯೊಬ್ಬರ ಹೆಸರೂ ಆ ಇಬ್ಬರಿಗೂ ಬಾಯಿಪಾಠವಾಗಿದ್ದಿರಬೇಕು. ಸಂಸ್ಥೆಗಳು ಬೆಳೆದಂತೆ ಹಾಜರಿ ಪುಸ್ತಕ ದಪ್ಪವಾಗುವುದು ಅನಿವಾರ್ಯ. ಬಾಯಿಪಾಠವಾಗಿದ್ದ ಹೆಸರುಗಳನ್ನು ನೆನಪಿಡುವ ಹೊಣೆ ಆಗ ಕೇರಿಯ ಮೇಲೆ ಬೀಳುತ್ತದೆ.

ಗುರುತಿಸುವುದಕ್ಕೆ ಇನ್ನೂ ಒಂದು ದಾರಿಯುಂಟು. ೧೯೩೫ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹದಿನೈದು ವರ್ಷದ ಹುಡುಗನೊಬ್ಬ ಬಸ್ಸಿಗೆ ಕಾಸಿಲ್ಲದೆ ಸುಮಾರು ಐವತ್ತು ಮೈಲಿ ನಡೆದು, ಎರಡು ದಿನಕ್ಕೆ ಬೆಂಗಳೂರನ್ನು ಸೇರಿದನು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವನನ್ನು ಸೇರಿಸಿಕೊಂಡಿತು. ಬಡ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ನಿಲಯವೊಂದು ಅವನಿಗೆ ಆಶ್ರಯ ಕೊಟ್ಟಿತು. ಮರುವರ್ಷ, ೧೯೩೬ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದರು. ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಬಿದ್ದುದು ಈ ಹಳ್ಳಿಯ ಹುಡುಗನ ಪಾಲಿಗೆ. ಪಟ್ಟಣದ ದೊಡ್ಡ ಮನೆಯ ಹುಡುಗರು ಆ ಶಾಲೆಯಲ್ಲಿ ಇಲ್ಲದೆ ಇರಲಿಲ್ಲ. ಅವನಿಗೆ ಅಂದು ಯಾರೂ ಶಾಲು ಹೊದಿಸಲಿಲ್ಲ. ತಪ್ಪಿದರೆ ಶಾಲೆಯ ಮಾನವೇ ಹೋಗಬಹುದಾದ ಒಂದು ಕೆಲಸವನ್ನು ಅವನ ನಾಲಗೆಗೆ ಒಪ್ಪಿಸಿದರು. ಅವರೇ ಎಚ್. ನರಸಿಂಹಯ್ಯನವರು. ಮುಂದೆ ಅಮೆರಿಕದಲ್ಲಿ ಡಾಕ್ಟರೇಟು ಪಡೆದು, ೧೯೭೨ರಿಂದ ೧೯೭೭ರ ವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ೨೦೦೫ರಲ್ಲಿ ಕಾಲವಾಗುವವರೆಗೂ ಬಹುಕಾಲ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ ಮನೆ ಮಾಡಿಕೊಂಡಿದ್ದವರು. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಅಂಕಪಟ್ಟಿ ತೋರಿಸಿ ಒಳಗೆ ಬರಬೇಕಾಗಿರಲಿಲ್ಲ. ಪ್ರಶ್ನೆ ಕೇಳುವ ಆಸೆಯಿದ್ದರೆ ಸಾಕಾಗಿತ್ತು.

ಹದಿಹರೆಯದವರಿಗೆ ಹೊಗಳಿಕೆಗಿಂತ ಹೊಣೆ ಹೆಚ್ಚು ರುಚಿಸುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ಅವನಿಗಿಂತ ಕೆಳಗಿನ ತರಗತಿಯವರಾಗಿರಬೇಕೆಂಬ ನಿಯಮವಿದೆ. ಇದರಿಂದ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಮೂರು ಗಂಟೆಗಳ ಕಾಲ ಇನ್ನೊಬ್ಬರ ಕೈಯಾಗಿ ಕೂರುವ ಪ್ರಸಂಗ ಒದಗುತ್ತದೆ. ತನ್ನ ಪುಸ್ತಕವನ್ನು ತೆರೆಯೆಂದು ಹತ್ತು ಸಲ ಹೇಳಿಸಿಕೊಳ್ಳುವ ಹುಡುಗ, ಈ ಕೆಲಸಕ್ಕೆಂದರೆ ಬೆಳಿಗ್ಗೆ ಐದಕ್ಕೇ ಎದ್ದು ಎರಡು ಲೇಖನಿಗಳನ್ನು ಪರೀಕ್ಷಿಸಿ ಇಟ್ಟುಕೊಳ್ಳುತ್ತಾನೆ.

ಈ ಮಾತುಗಳನ್ನು ಇಂದು ಹೇಳಬೇಕಾಗಿರುವುದಕ್ಕೆ ಕಾರಣವಿದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದು ಆರು ವರ್ಷದಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಕೈ ಹಿಡಿಯುತ್ತದೆ. ಮೀಸೆ ಚಿಗುರುವ ಹೊತ್ತಿಗೆ ಸರಿಯಾಗಿ ಕೈ ಬಿಡುತ್ತದೆ. ಆಮೇಲಿನ ಎರಡು ಮೂರು ವರ್ಷಗಳಲ್ಲಿ ಹುಡುಗನು ಗ್ಯಾರೇಜಿಗೋ ಸಾಮಾನು ಹಂಚುವ ಕೆಲಸಕ್ಕೋ ಹೋಗಬಹುದು, ಹುಡುಗಿಯನ್ನು ಮನೆಯ ಕೆಲಸಕ್ಕೆ ನಿಲ್ಲಿಸಬಹುದು. ೨೦೨೪ರ ಹತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ತೇರ್ಗಡೆಯಾದವರು ನೂರಕ್ಕೆ ಸುಮಾರು ೭೩. ಉಳಿದ ಇಪ್ಪತ್ತೇಳರ ಹೆಸರನ್ನು ಯಾವ ವೇದಿಕೆಯೂ ಓದುವುದಿಲ್ಲ. ಓದಬೇಕೆಂದೂ ಯಾರೂ ಹೇಳರು. ಆದರೆ ಅದೇ ವರ್ಷ ಸರ್ಕಾರ ಒಂದೇ ಸಾಲಿನಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಿತು. ಮೊದಲ ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ನಡುವೆ ಸಿಗುವುದು ಕೆಲವೇ ವಾರಗಳು. ಸನ್ಮಾನದ ಸಂಘಗಳು ಹಾರಕ್ಕೆ ಹೇಳಿ, ಆಹ್ವಾನಪತ್ರಿಕೆ ಅಚ್ಚು ಹಾಕಿಸುವುದೂ ಬಹುಮಟ್ಟಿಗೆ ಈ ವಾರಗಳಲ್ಲಿಯೇ.

ಈ ವಾರಗಳ ಬೆಲೆಯನ್ನು ತಿಳಿದ ಸ್ವಯಂಸೇವಕರು ಬಡಾವಣೆಗಳಲ್ಲಿ ಇಲ್ಲದಿಲ್ಲ. ಅವರು ಸಾಮಾನ್ಯವಾಗಿ ವೇದಿಕೆಯ ಮೇಲೆ ಕೂರುವವರಲ್ಲ. ಲೆಕ್ಕದ ಮೇಷ್ಟರಾಗಿ ನಿವೃತ್ತರಾದವರೊಬ್ಬರು ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿ, ಒಂದು ಕಪ್ಪು ಹಲಗೆ ಒರಗಿಸಿ, ಸಂಜೆ ಆರರಿಂದ ಎಂಟರ ವರೆಗೆ ನಾಲ್ಕೈದು ಮಕ್ಕಳನ್ನು ಕೂರಿಸಿಕೊಳ್ಳುವರು. ಅವರ ಪತ್ನಿ ಏಳಕ್ಕೆ ಸರಿಯಾಗಿ ಅವಲಕ್ಕಿಯ ತಟ್ಟೆಗಳನ್ನು ತಂದಿಡುವರು. ಹಸಿದ ಹೊಟ್ಟೆಗೆ ಪ್ರಮೇಯ ಹಿಡಿಸುವುದಿಲ್ಲವೆಂಬುದು ಆಕೆಯ ಸಿದ್ಧಾಂತ. ಶುಲ್ಕವಿಲ್ಲ, ಫಲಕವಿಲ್ಲ. ಕಷ್ಟದ ಕೆಲಸ ಪಾಠ ಹೇಳುವುದಲ್ಲ, ಮಕ್ಕಳನ್ನು ಆ ಚಾಪೆಯವರೆಗೆ ಕರೆತರುವುದು. ಪರೀಕ್ಷೆಯಲ್ಲಿ ಹೋದ ಹುಡುಗ ಮೊದಲು ಕಲಿಯುವುದು ಹಿತ್ತಿಲ ಬಾಗಿಲಿನಿಂದ ಓಡಾಡುವುದನ್ನು.

ಆದಕಾರಣ ಇಂಥವರು ತಾವೇ ಹೊರಡುವರು. ಛತ್ರಿ ಮಡಿಸಿ ಬಾಗಿಲ ಬಳಿ ಒರಗಿಸಿ, ಕುರ್ಚಿ ಜೋಡಿಸಿದ್ದ ಆ ಹುಡುಗನ ತಾಯಿಯನ್ನು ಕೇಳುವರು: “ಇದ್ದಾನೇನಮ್ಮ ನಿಮ್ಮ ಮಗ?”

“ಮಲಗಿದ್ದಾನೆ, ಸ್ವಾಮಿ. ಮೂರು ದಿನದಿಂದ ಯಾರ ಹತ್ತಿರವೂ ಮಾತಿಲ್ಲ.”

“ಏಳಿಸಬೇಡಿ. ನಮ್ಮ ಹೊರಕೋಣೆಯ ದೀಪ ಕೆಟ್ಟಿದೆ. ಅವನಿಗೆ ಆ ಕೆಲಸ ಬರುತ್ತದಲ್ಲವೆ? ಸಂಜೆ ಬಂದು ಒಂದಿಷ್ಟು ನೋಡಿಕೊಡಲಿ. ಬರುವಾಗ ಲೆಕ್ಕದ ಪುಸ್ತಕವನ್ನೂ ತರಲಿ.”

ಒಳಗಿನ ಕೋಣೆಯಲ್ಲಿ ಮಂಚದ ಸದ್ದಾಗುತ್ತದೆ.