ಟೋಡ್ ಲೇನಿನ ಕಟ್ಟೆ

ಸಂಜೆಯಾದರೆ ನಮ್ಮೂರ ಸೊಸೈಟಿಯ ಕಟ್ಟೆ ತುಂಬುತ್ತಿತ್ತು. ಗೊಬ್ಬರದ ಚೀಲದ ಘಾಟು, ಚಿಮಣಿ ಎಣ್ಣೆಯ ವಾಸನೆ, ನಡುವೆ ಪೇಪರ್ ಹಿಡಿದು ಗಟ್ಟಿಯಾಗಿ ಓದುವ ನಾನು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ, ಅಭಿಪ್ರಾಯ ಮಾತ್ರ ಧಾರಾಳ. “ತಡಿ ತಮ್ಮಾ, ಅದನ್ನ ಇನ್ನೊಮ್ಮೆ ಓದು” ಎಂದು ನಿಲ್ಲಿಸಿ, ಪಕ್ಕದವರ ಮೇಲೆ ಜಗಳಕ್ಕೇ ಬೀಳುತ್ತಿದ್ದ. ಕತ್ತಲಾದ ಮೇಲೆ ಜಗಳವಾಡಿದವರಿಬ್ಬರೂ ಒಂದೇ ಬೀಡಿ ಹಂಚಿಕೊಂಡು ಮನೆಗೆ ನಡೆಯುತ್ತಿದ್ದರು.

ಆ ಕಟ್ಟೆ ನನಗೆ ಮತ್ತೆ ಸಿಕ್ಕಿದ್ದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ, ಟೋಡ್ ಲೇನ್ ಎಂಬ ಓಣಿಯಲ್ಲಿ. ಮ್ಯಾಂಚೆಸ್ಟರಿನ ಮಗ್ಗುಲಿನ ಈ ಊರು ಫ್ಲಾನೆಲ್ ಬಟ್ಟೆಗೆ ಹೆಸರಾಗಿತ್ತು. ಆ ಸೀಮೆಯ ನೇಕಾರರು ಮೊದಲು ಮನೆಯಲ್ಲೇ ಮಗ್ಗ ಹೂಡಿದ್ದವರು. ಬೆಳಕಿಗೆಂದು ಮಾಳಿಗೆಗೆ ಸಾಲು ಕಿಟಕಿ, ನೂಲು ಸುತ್ತಲು ಹೆಂಡತಿ ಮಕ್ಕಳು. ಸೋಮವಾರ ಕೆಲಸಕ್ಕೆ ಚಕ್ಕರ್ ಹಾಕಿ, ಆ ಸೋಮಾರಿತನಕ್ಕೆ ‘ಸಂತ ಸೋಮವಾರ’ ಎಂದು ಹಬ್ಬದ ಹೆಸರಿಟ್ಟು, ವಾರದ ಕೊನೆಗೆ ಹಗಲುರಾತ್ರಿ ನೇಯ್ದು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಉಗಿಯಂತ್ರ ಬಂತು, ಗಿರಣಿಯ ಗಂಟೆ ಬಂತು, ಸಂತ ಕಾಲ್ಕಿತ್ತ. ಕೈಮಗ್ಗದ ಕೂಲಿ ಹೊಟ್ಟೆಗೂ ಸಾಲದಾಯಿತು.

ಆದರೂ ಆ ಹೊಗೆಯೊಳಗೆ ಎಂಥ ಮಾತುಗಾರಿಕೆ ಬೆಳೆಯಿತು! 1837ರಲ್ಲಿ ಲೀಡ್ಸ್‌ನಲ್ಲಿ ಹುಟ್ಟಿದ ‘ನಾರ್ದರ್ನ್ ಸ್ಟಾರ್’ ವಾರಪತ್ರಿಕೆಯ ಬೆಲೆ 4½ ಪೆನ್ಸ್, ಒಬ್ಬನ ಜೇಬಿಗೆ ಭಾರ. ನಾಲ್ಕಾರು ಜನ ಕಾಸು ಕೂಡಿಸಿ ಕೊಂಡು, ಹೆಂಡದಂಗಡಿಯ ಬೆಂಕಿಯ ಮುಂದೆ ಅಕ್ಷರ ಬಲ್ಲವನ ಕೈಗೆ ಕೊಡುತ್ತಿದ್ದರು. ಗಂಡಸರಿಗೆಲ್ಲ ಮತದಾನದ ಹಕ್ಕು ಬೇಕೆಂದವರು ಚಾರ್ಟಿಸ್ಟರು. ಕೂಡಿ ದುಡಿದು ಕೂಡಿ ಬಾಳುವ ಊರು ಕಟ್ಟೋಣವೆಂದವರು ರಾಬರ್ಟ್ ಓವೆನ್ ಕಡೆಯವರು. ಮೊದಲು ಕುಡಿತ ಬಿಡಿರೆಂದವರೂ ಇದ್ದರು (ಪಾಪ, ಅವರ ಮಾತು ಹೆಂಡದಂಗಡಿಯಲ್ಲಿ ಎಷ್ಟು ನಡೆದೀತು!). 1842ರಲ್ಲಿ 33 ಲಕ್ಷಕ್ಕೂ ಹೆಚ್ಚು ಸಹಿಗಳ ಅರ್ಜಿಯನ್ನು ಚಾರ್ಟಿಸ್ಟರು ಮೆರವಣಿಗೆಯಲ್ಲಿ ಹೊತ್ತು ಸಂಸತ್ತಿಗೆ ಹೋದರು. ಸಂಸತ್ತು ಅದನ್ನು ತಳ್ಳಿಹಾಕಿತು.

ಸೋತವರು ಸುಮ್ಮನಿರಲಿಲ್ಲ. ರಾಚ್‌ಡೇಲ್‌ನ 28 ಮಂದಿ ವಾರವಾರ ಪೆನ್ಸ್ ಕೂಡಿಟ್ಟು 28 ಪೌಂಡ್ ಮಾಡಿ, 1844ರ ಡಿಸೆಂಬರ್ 21ರ ರಾತ್ರಿ ಟೋಡ್ ಲೇನಿನಲ್ಲಿ ಸಹಕಾರಿ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಒಂದಿಷ್ಟು ಮೇಣದಬತ್ತಿ, ಅಷ್ಟೇ ಸರಕು. ಹಿಟ್ಟಿಗೆ ಸೀಮೆಸುಣ್ಣ ಬೆರೆಸುವ ಕಾಲದಲ್ಲಿ ಶುದ್ಧ ಮಾಲು, ಪೂರ್ತಿ ತೂಕ. ವ್ಯಾಪಾರ ಕುದುರಿದ ಮೇಲೆ ಮಹಡಿಯಲ್ಲಿ ಪತ್ರಿಕೆ ಓದುವ ಕೋಣೆ, ಪುಸ್ತಕ ಭಂಡಾರ. ಅದಕ್ಕೆಂದು ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು. ಸಮಾಜವಾದವೆಂಬ ದೊಡ್ಡ ಮಾತು ಅಲ್ಲಿ ತಕ್ಕಡಿಗೆ ಬಂದು ಕೂತಿತ್ತು.

ಆ ಬಡತನ ಮರಳಲಿ ಎಂದು ಯಾರೂ ಹರಸಲಾರರು. ಒಂಬತ್ತು ತುಂಬದ ಮಕ್ಕಳನ್ನು ಬಟ್ಟೆ ಗಿರಣಿಯಿಂದ ಹೊರಗಿಡಲು 1833ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು! ಆದರೆ ಕೂಲಿ, ಆರೋಗ್ಯ, ಮತದ ಹಕ್ಕು ಎಲ್ಲ ಕೈಗೆ ಬಂದ ಮೇಲೆ ಕೂಡಿ ಕೂತು ಕೇಳುವ ಕಿವಿ ಎಲ್ಲಿ ಹೋಯಿತು? ಟೋಡ್ ಲೇನಿನ ಆ ಅಂಗಡಿ ಈಗ ವಸ್ತುಸಂಗ್ರಹಾಲಯ. ನಾನು ಹೋದ ದಿನ ನೋಡುವವರು ಮೂವರೇ ಇದ್ದೆವು; ಮೂವರೂ ಮೊಬೈಲ್ ಹಿಡಿದು ಫೋಟೊ ತೆಗೆದೆವು, ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ಸಹಕಾರದ ವಿಚಾರ ಯುರೋಪಿನಲ್ಲೆಲ್ಲ ಅಲೆದು, 1904ರ ಕಾಯ್ದೆಯ ಬೆನ್ನೇರಿ ನಮ್ಮಲ್ಲಿಗೂ ಬಂತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಅದರ ಹಿಂದೆಯೇ ಊರೂರಿಗೆ ಬಂದ ಸೊಸೈಟಿಗಳಲ್ಲಿ ಅಜ್ಜನ ಸೊಸೈಟಿಯೂ ಒಂದು. ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಕಟ್ಟೆ ಒಡೆದು ಅಲ್ಲಿ ಎಟಿಎಂ ಕೂರಿಸಿದ್ದಾರೆ. ಒಳಗೆ ಒಬ್ಬರಿಗಷ್ಟೇ ಜಾಗ.