ಉಳಿದುಹೋದ ಕೊಕ್ಕೆ

ದೆಹಲಿಯ ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿ ಒಂದು ಪುಟ್ಟ ವೈಸ್ ಸದಾ ಕೂತಿರುತ್ತದೆ. ಅದರ ಬಾಯಲ್ಲಿ ಗಾಳದ ಕೊಕ್ಕೆ, ಸುತ್ತ ಕೋಳಿ ಪುಕ್ಕ, ಆಡಿನ ಕೂದಲು, ಜರಿಯ ಎಳೆ. ಹೆಂಡತಿ ಅದಕ್ಕಿಟ್ಟ ಹೆಸರು ‘ನಿಮ್ಮ ಕ್ಷೌರದಂಗಡಿ’.

ನಾನು ಕಟ್ಟುವುದು ಸ್ಟ್ರೀಮರ್, ಅಂದರೆ ಸಣ್ಣ ಮೀನಿನ ಹಾಗೆ ಕಾಣುವ ನಕಲಿ ಎರೆ. ಒಂದೇ ಕೊಕ್ಕೆಯ ಮೇಲೆ ಉದ್ದಕ್ಕೆ ಕಟ್ಟಿದರೆ ಅದು ನೀರಲ್ಲಿ ಕಡ್ಡಿಯಂತೆ ಬರುತ್ತದೆ. ಎರಡು ತುಂಡು ಮಾಡಿ, ನಡುವೆ ತಂತಿಯ ಕುಣಿಕೆ, ಅದಕ್ಕೆರಡು ಮಣಿ ಹಾಕಿದರೆ ಕಥೆಯೇ ಬೇರೆ. ದಾರ ಎಳೆದು ನಿಲ್ಲಿಸಿದಾಗ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ, ಪೆಟ್ಟು ತಿಂದ ಮೀನಿನಂತೆ. ಬೇಟೆಯಾಡುವ ಮೀನು ಸುಮ್ಮನಿರಲಾರದು. ಅಮೆರಿಕದಲ್ಲಿ ಕೆಲ್ಲಿ ಗ್ಯಾಲಪ್ ದೊಡ್ಡ ಟ್ರೌಟ್‌ಗಳಿಗೆಂದು ಇಂಥವನ್ನು ಜನಪ್ರಿಯಗೊಳಿಸಿದರು. ಅಲ್ಲಿ ತಲೆಗೆ ಜಿಂಕೆ ಕೂದಲು ಸುತ್ತುತ್ತಾರೆ. ನಮ್ಮಲ್ಲಿ ಅದನ್ನು ಮನೆಯಲ್ಲಿಟ್ಟುಕೊಂಡು ಅರಣ್ಯ ಇಲಾಖೆಯ ಕೈಗೆ ಸಿಗುವ ಆಸೆ ನನಗಿಲ್ಲ, ಆಡೇ ಸಾಕು.

ಅಪ್ಪನಿಗೆ ಇದೆಲ್ಲ ತಮಾಷೆ. ಕೊಳ್ಳೇಗಾಲದ ಕಡೆ ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಸೀರ್‌ಗೆ, ಅಪ್ಪ ಹಾಕುತ್ತಿದ್ದುದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. “ಪುಕ್ಕ ಕಟ್ಕಂಡು ಮೀನ್ ಹಿಡೀತೀಯೇನ್ಲಾ?” ಎಂದು ಫೋನಿನಲ್ಲಿ ನಕ್ಕಿದ್ದ.

ಉತ್ತರಾಖಂಡದ ಪಂಚೇಶ್ವರದಲ್ಲಿ ಸರಯೂ ನದಿ ಮಹಾಕಾಳಿಯನ್ನು ಸೇರುತ್ತದೆ. ಪರವಾನಗಿ ಪಡೆದು ಅಲ್ಲಿಗೆ ಹೋಗಿದ್ದೆ. ಎರಡನೇ ದಿನ ಸಂಜೆ, ಎರಡು ನೀರು ಕೂಡುವ ಗೆರೆಯಲ್ಲಿ, ದಾರ ಕೈಯಿಂದ ಕಿತ್ತುಕೊಂಡು ಹೋಯಿತು. ಹತ್ತೆಣಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಸಡಿಲ. ಸುತ್ತಿ ತೆಗೆದರೆ ಬಂದದ್ದು ಮುಂದಿನ ಅರ್ಧ ಮಾತ್ರ, ತಂತಿ ಜಾರಿತ್ತು. ಬಸ್ಸು ಹತ್ತುವ ಹಿಂದಿನ ರಾತ್ರಿ ಅವಸರದಲ್ಲಿ ಹತ್ತು ಸುತ್ತು ನೂಲು ಸುತ್ತಿ, ಅಂಟು ಹಚ್ಚದೆ ಡಬ್ಬಿಗೆ ಹಾಕಿದ್ದೆ. ಹಿಂದಿನ ಕೊಕ್ಕೆ ಮೀನಿನ ಬಾಯಲ್ಲೇ ಉಳಿಯಿತು. ಅದೂ ಅಳಿವಿನಂಚಿನ ಪಟ್ಟಿಯಲ್ಲಿರುವ ಹೊನ್ನಿನ ಮಹಸೀರ್. ಜೊತೆಗಿದ್ದ ಸ್ಥಳೀಯ ಹುಡುಗ ಉಳಿದ ಕೊಕ್ಕೆಯನ್ನು ಬೆರಳಲ್ಲಿ ಸವರಿ, “ಇದರ ಮುಳ್ಳು ಒತ್ತಿಲ್ಲವಲ್ಲ ಸಾರ್” ಎಂದ, ಹಿಂದಿಯಲ್ಲಿ. ಒತ್ತಿದ್ದರೆ ಅದು ಬಹುಶಃ ತಾನಾಗಿ ಕಳಚಿ ಬೀಳುತ್ತಿತ್ತು.

ಈಗ ತಂತಿಯ ತುದಿಗಳನ್ನು ಹಿಂದಕ್ಕೆ ಮಡಚಿ ಮತ್ತೆ ಸುತ್ತುತ್ತೇನೆ, ಅಂಟು ಹಚ್ಚಿ ರಾತ್ರಿಯಿಡೀ ಒಣಗಿಸುತ್ತೇನೆ, ಬೆಳಿಗ್ಗೆ ಇಕ್ಕಳದಲ್ಲಿ ಹಿಡಿದು ಜಗ್ಗಿ ನೋಡುತ್ತೇನೆ. ಮುಳ್ಳು ಒತ್ತುವುದು ಮೊದಲ ಕೆಲಸ.

ಅಪ್ಪನಿಗೆ ಹೇಳಲು ಒಂದು ತಿಂಗಳು ಹಿಡಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದ.

“ಎಷ್ಟು ದೊಡ್ಡದಿತ್ಲಾ?”

“ನೋಡ್ಲೇ ಇಲ್ಲ ಅಪ್ಪ.”

“ರಾಗಿ ಉಂಡೆ ಆಗಿದ್ರೆ ಹೊಟ್ಟೆಗಾದ್ರೂ ಒಸಿ ಆಗ್ತಿತ್ತು ಅದಕ್ಕೆ.”